ಇಳಕಲ್ಲಿನ ಕೊಂಡಿ

ಅಜ್ಜಿಯ ಕಪ್ಪು ಚಂದ್ರಕಾಳಿ ಸೀರೆಯನ್ನು ಟವಲ್ಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು ಹೊಸಪೇಟೆಯಿಂದ ಬೆಳಗಿನ ಬಸ್ಸು ಹಿಡಿದೆ. ಕುಷ್ಟಗಿ ದಾಟಿದ ಮೇಲೆ ಹೊಲಗಳಲ್ಲಿ ಜೋಳ, ಅಲ್ಲಲ್ಲಿ ಕೆಂಪು ಗ್ರಾನೈಟಿನ ರಾಶಿ. ಬಾಗಲಕೋಟೆ ಜಿಲ್ಲೆಯ ಇಳಕಲ್ಲನ್ನು ಈ ಕಲ್ಲಿನಿಂದ ಬಲ್ಲವರೂ ಇದ್ದಾರೆ. ನನಗೆ ಅದು ಸೀರೆಯ ಊರು.

ಪರಿಚಯದವರು ಕರೆದೊಯ್ದ ಮನೆಯಲ್ಲಿ ನಡುಮನೆಯೇ ಮಗ್ಗದ ಜಾಗ. ನೆಲದಲ್ಲಿ ಕುಣಿ ತೋಡಿದ್ದಾರೆ. ನೇಕಾರರು ಅದರೊಳಗೆ ಕಾಲಿಳಿಬಿಟ್ಟು ಕೂತಿದ್ದರು. ಕಾಲು ತುಳಿದಂತೆ ಹಾಸಿನ ಎಳೆ, ಅಂದರೆ ಮಗ್ಗದ ಉದ್ದಕ್ಕೆ ಬಿಗಿದ ನೂಲು, ಬಾಯಿ ತೆರೆಯುತ್ತದೆ, ಲಾಳಿ ಹಾಯುತ್ತದೆ, ಹಲಗೆ ಬಡಿಯುತ್ತದೆ. ಒಂದಲ್ಲ, ಮೂರು ಲಾಳಿ: ಎರಡು ದಡಿಗೆ, ಒಂದು ಒಡಲಿಗೆ. ಅದಕ್ಕೇ ದಡಿಯ ಬಣ್ಣ ಒಡಲಿಗೆ ಸೋರದೆ ಅಚ್ಚುಕಟ್ಟಾಗಿ ನಿಲ್ಲುತ್ತದೆ.

ನಾನು ನೋಡಬೇಕೆಂದು ಹೋದದ್ದು ಕೊಂಡಿಯನ್ನು. ಇಳಕಲ್ ಸೀರೆಯ ಒಡಲಿನ ಹಾಸು ಹತ್ತಿಯದು, ಸೆರಗಿನ ಹಾಸು ರೇಷ್ಮೆ ಅಥವಾ ಆರ್ಟ್ ಸಿಲ್ಕ್ ಎಂಬ ಕೃತಕ ರೇಷ್ಮೆಯದು. ಎರಡನ್ನೂ ಬೇರೆ ಬೇರೆಯಾಗಿ ಸಿದ್ಧಮಾಡಿ, ಒಡಲಿನ ಎಳೆಯ ಕುಣಿಕೆಯೊಳಗೆ ಸೆರಗಿನ ಎಳೆಯ ಕುಣಿಕೆ ಸಿಕ್ಕಿಸುತ್ತಾರೆ. ಸೀರೆಯ ಅಗಲಕ್ಕೂ, ಎಳೆ ಎಳೆಗೂ. ಮನೆಯಾಕೆ ಅದನ್ನೇ ಮಾಡುತ್ತಿದ್ದರು, ಬೆರಳ ತುದಿ ಬಿಟ್ಟರೆ ಮೈಯೆಲ್ಲ ಅಲುಗದಂತೆ ಕೂತು. "ಅವಸರ ಮಾಡಿದ್ರ ಒಂದು ಎಳಿ ತಪ್ಪತೈತ್ರಿ, ಆಮ್ಯಾಲ ಸೆರಗೆಲ್ಲ ಕೆಡತೈತಿ" ಎಂದರು. ಬೇರೆಡೆ ಒಂದೇ ಹಾಸಿನಲ್ಲಿ ಆರೆಂಟು ಸೀರೆ ನೇಯಬಹುದು. ಇಲ್ಲಿ ಕೊಂಡಿಯಿಂದಾಗಿ ಪ್ರತಿ ಸೀರೆಗೂ ಹಾಸು ಹೊಸದಾಗಿಯೇ ಆಗಬೇಕು. ಇಳಕಲ್ ಸೀರೆಯ ಬೆಲೆ ಕೇಳಿ ಹುಬ್ಬೇರಿಸುವವರು ಈ ಮನೆಯಲ್ಲಿ ಅರ್ಧ ಗಂಟೆ ಕೂತು ಬರಬೇಕು ಅನ್ನಿಸಿತು.

ಸೆರಗಿಗೆ ತೋಪು ತೆನೆ ಅನ್ನುತ್ತಾರೆ. ಮೂರು ಕೆಂಪು ಪಟ್ಟಿ, ನಡುವೆ ಎರಡು ಬಿಳಿ; ಕೆಂಪು ಬಿಳಿ ಕೂಡುವಲ್ಲಿ ಹಲ್ಲುಹಲ್ಲಿನಂತೆ ಏರುವ ವಿನ್ಯಾಸ. ಆ ವಿನ್ಯಾಸ ಜೋಳದ ತೆನೆಯಂತಿದ್ದರೆ ಅದಕ್ಕೂ ತೋಪು ತೆನೆಯೆಂದೇ ಹೆಸರು, ಬಾಚಣಿಗೆಯಂತಿದ್ದರೆ ಹಣಿಗೆ; ಕೋಟೆಯ ತೆನೆಯಂತಿರುವುದೂ ಉಂಟು. ದಡಿಗೂ ಹೆಸರುಗಳಿವೆ: ಗೋಮಿ, ಪರಾಸಪೇಟ, ಗಾಡಿ. ಬಣ್ಣಗಳಲ್ಲಿ ನನ್ನ ಕಣ್ಣು ನಿಂತದ್ದು ಗಿರಿ ಕುಂಕುಮದ ಮೇಲೆ.

ವಿದ್ಯುತ್ ಮಗ್ಗದ ಹಲವು ಸೀರೆಗಳಲ್ಲಿ ಈ ಕೊಂಡಿ ಇರುವುದಿಲ್ಲ, ಒಂದೇ ಹಾಸು ಉದ್ದಕ್ಕೂ ಓಡುತ್ತದೆ. ಪರೀಕ್ಷೆಗೆ ಬೆರಳು ಸಾಕು ಅಂದರು ನೇಕಾರರು. ಆಗ ಟವಲ್ಲು ಬಿಚ್ಚಿದೆ.

ಅವರು ಅಜ್ಜಿಯ ಸೀರೆಯ ಒಡಲು ಸೆರಗು ಕೂಡುವಲ್ಲಿ ಹೆಬ್ಬೆರಳಾಡಿಸಿ "ಇಲ್ಲೈತಿ ನೋಡ್ರಿ" ಅಂದು ನನ್ನ ಬೆರಳನ್ನೂ ಅಲ್ಲಿಗೆ ತಂದರು. ಮರಳಿನ ಸಣ್ಣ ಸಾಲಿನಂಥ ಉಬ್ಬು. ನೆರಿಗೆಯ ಭಾಗ ಪಿಸಿದಿದೆ, ಕೊಂಡಿ ಒಂದೂ ಬಿಟ್ಟಿಲ್ಲ. ಮನೆಯಾಕೆ ಕೆಲಸ ಬಿಟ್ಟು ಎದ್ದು ಬಂದು ಸೆರಗನ್ನು ತಿರುವಿ ಹಾಕಿದರು. ಅವರಿಗೆ ಬೇಕಾದದ್ದು ಕಸೂತಿ. ಗೋಪುರ, ತೇರು, ತುಳಸಿಕಟ್ಟೆ, ಎಲ್ಲವೂ ಗವಂತಿ ಹೊಲಿಗೆಯಲ್ಲಿ. ಅಚ್ಚು ಒತ್ತದೆ, ಗೆರೆ ಎಳೆಯದೆ, ಬಟ್ಟೆಯ ಎಳೆ ಎಣಿಸಿಯೇ ಸೂಜಿ ಹಾಕುತ್ತಾರೆ. ಹೋಗುವಾಗ ಒಂದು ಬಿಟ್ಟು ಒಂದು, ಅದೇ ದಾರಿಯಲ್ಲಿ ಮರಳುವಾಗ ಬಿಟ್ಟ ಜಾಗ ತುಂಬುವುದು. ಗಂಟಿಲ್ಲ. ಒಳಗು ಹೊರಗು ಒಂದೇ. ಆಕೆ ತೇರಿನ ಕಳಸದಿಂದ ಗಾಲಿಯವರೆಗೆ ಎಳೆಗಳನ್ನು ತುಟಿಯಲ್ಲೇ ಎಣಿಸಿಕೊಂಡರು.

ಮಧ್ಯಾಹ್ನ ಅಮೀನಗಡದಲ್ಲಿ ಕರದಂಟು ಕಟ್ಟಿಸಿಕೊಂಡು ಗುಳೇದಗುಡ್ಡ ಸೇರಿದೆ. ಇಳಕಲ್ ಸೀರೆಗೆ ಗುಳೇದಗುಡ್ಡದ ಕಣದ, ಅಂದರೆ ಕುಪ್ಪಸಕ್ಕೆಂದೇ ನೇಯುವ ಬಟ್ಟೆಯ, ಕುಪ್ಪಸವೇ ಜೋಡಿ. ಕಣದ ಹೂವು ಹೊಲಿದದ್ದಲ್ಲ, ಅಚ್ಚಲ್ಲ. ಹಾಸಿನೊಂದಿಗೆ ಹೆಚ್ಚುವರಿ ಎಳೆ ಸೇರಿಸಿ ನೇಯುವಾಗಲೇ ಮೂಡಿಸಿದ್ದು. ಅಂಗಡಿಯವರು ಅಜ್ಜಿಯ ಸೀರೆಯ ದಡಿಯ ಪಕ್ಕಕ್ಕೆ ಒಂದೊಂದೇ ಕಣ ಹಿಡಿದು ನೋಡಿದರು. ನಾಲ್ಕನೆಯದು, ತೇರಿನ ಕಣ, ದಡಿಯ ಕೆಂಪಿಗೆ ಸರಿಯಾಗಿ ಕೂಡಿತು. ಅದನ್ನೇ ಕೊಯ್ಸಿಕೊಂಡೆ.