ಎರಡನೇ ಔಷಧ

ನನ್ನ ಕೆಲಸವನ್ನು ಮದುವೆ ಮನೆಯ ಪಂಕ್ತಿಯಲ್ಲಿ ವಿವರಿಸುವುದು ಕಷ್ಟ. ‘ಶಿವಮೊಗ್ಗದಲ್ಲಿ ಮೀನಿನ ಟ್ಯಾಂಕ್ ನೋಡಿಕೊಳ್ಳುತ್ತೇನೆ’ ಎಂದರೆ ಪಕ್ಕದವರು ತಲೆಯಾಡಿಸಿ ಸಾರಿಗೆ ಎಲೆ ಸರಿಪಡಿಸಿಕೊಳ್ಳುತ್ತಾರೆ. ಮನೆ, ಕ್ಲಿನಿಕ್, ಹೋಟೆಲ್ ಎಲ್ಲ ಸೇರಿ ನನ್ನ ಲೆಕ್ಕದಲ್ಲಿ ನಲವತ್ತು ಟ್ಯಾಂಕ್‌ಗಳಿವೆ. ಉಪ್ಪುನೀರಿನವು ಐದೇ ಐದು. ಹೊಟ್ಟೆ ತುಂಬಿಸುವುದು ಉಳಿದ ಮೂವತ್ತೈದು. ನಿದ್ದೆ ಕೆಡಿಸುವುದು ಈ ಐದು.

ಐದರಲ್ಲಿ ಒಂದು ತೀರ್ಥಹಳ್ಳಿ ದಾಟಿ ಆಗುಂಬೆ ಕಡೆಯ ಒಂದು ಅಡಿಕೆ ತೋಟದ ಮನೆಯಲ್ಲಿದೆ. ಮಗ ಬೆಂಗಳೂರಿನ ನೌಕರಿ ಬಿಟ್ಟು ಊರಿಗೆ ಮರಳುವಾಗ ನಾಲ್ಕಡಿ ಉದ್ದದ ಟ್ಯಾಂಕನ್ನೂ ಅದರೊಳಗಿನ ಮೆದು ಹವಳಗಳನ್ನೂ ಹೊತ್ತು ತಂದ. ಜಗಲಿಯ ಮೂಲೆಯಲ್ಲಿ ಅದು ನೀಲಿಯಾಗಿ ಹೊಳೆಯುತ್ತಿರುತ್ತದೆ. ಅವನ ಅಪ್ಪ, ಅಂದರೆ ಆ ಮನೆಯ ಯಜಮಾನರು, ಅದರ ಎದುರು ಕವಳ ಹಾಕುತ್ತ ಕೂರುತ್ತಾರೆ. ‘ಸಮುದ್ರವೇ ಘಟ್ಟ ಹತ್ತಿ ಬಂದಿದೆ, ಕರೆಂಟ್ ಬಿಲ್ಲು ಮಾತ್ರ ನಮ್ಮದು’ ಎನ್ನುವುದು ಬಂದವರಿಗೆಲ್ಲ ಅವರು ಹೇಳುವ ಮಾತು.

ಜೂನ್ ಎರಡನೇ ವಾರ ಮಗನ ಫೋನ್ ಬಂತು. ಜೋವಾ ಅರಳುತ್ತಿಲ್ಲ, ನಾಲ್ಕು ದಿನವಾಯಿತು. ಜೋವಾ ಎಂದರೆ ಜೋವಾಂತಿಡ್. ಅಂಗಿಯ ಗುಂಡಿಯಷ್ಟಗಲದ ಹೂವಿನಂಥ ಬಾಯಿಗಳು ಒಂದೇ ಚಾಪೆಯಿಂದ ಎದ್ದು ನಿಂತಿರುತ್ತವೆ, ಬೆಳಕು ಹತ್ತಿದೊಡನೆ ಬಿಚ್ಚಿಕೊಳ್ಳುತ್ತವೆ. ಶಾಸ್ತ್ರ ಹಿಡಿದು ನೋಡಿದರೆ ಇದು ಮೆದು ಹವಳದ ಕುಲಕ್ಕೆ ಸೇರಿದ್ದಲ್ಲ. ಆದರೆ ಮಾರುವವರೂ ಸಾಕುವವರೂ ಇದನ್ನು ಆ ಸಾಲಿನಲ್ಲೇ ಇಡುತ್ತಾರೆ, ನಾನೂ ಹಾಗೆಯೇ ಇಡುತ್ತೇನೆ.

ಹೋಗಿ ನೀರು ನೋಡಿದೆ. ಉಪ್ಪುನೀರಿನ ಸಾಂದ್ರತೆ 1.025, ಸರಿಯಾಗಿಯೇ ಇತ್ತು. ಶಾಖ 22 ಡಿಗ್ರಿ. ಬೇರೆ ಊರುಗಳಲ್ಲಿ ಹವಳ ಸಾಕುವವರು ನೀರನ್ನು ತಂಪಾಗಿಡುವ ಯಂತ್ರಕ್ಕೆ ದುಡ್ಡು ಸುರಿಯುತ್ತಾರೆ. ನಮ್ಮಲ್ಲಿ ಮಳೆ ಹಿಡಿಯಿತೆಂದರೆ ಹೀಟರ್ ಬೇಕು. ಕರೆಂಟ್ ಇಲ್ಲದ ದಿನ ಅದೂ ತಣ್ಣಗೆ ಕೂತಿರುತ್ತದೆ. ಕಾರಣ ಸಿಕ್ಕಿತೆಂದುಕೊಂಡೆ. ಅಷ್ಟರಲ್ಲಿ ಮುಚ್ಚಿಕೊಂಡ ಬಾಯಿಗಳ ಬುಡದಲ್ಲಿ ಏನೋ ಬಿಳಿಯ ಚುಕ್ಕೆ ಕಂಡಿತು. ಜೋವಾಕ್ಕೆ ಸಿಡುಬಿನಂಥ ಒಂದು ಕಾಯಿಲೆ ಇದೆ, ಕಾಂಡದ ಮೇಲೆ ಗಸಗಸೆಯಷ್ಟು ಬಿಳಿ, ಹಳದಿ ಗುಳ್ಳೆಗಳು ಏಳುತ್ತವೆ. ಅದೇ ಇದು ಎಂದು ತೀರ್ಮಾನಿಸಿದೆ. ಭೂತಗನ್ನಡಿ ಚೀಲದಲ್ಲಿತ್ತು, ತೆಗೆಯಲಿಲ್ಲ. ಟ್ಯಾಂಕಿನದೇ ಉಪ್ಪುನೀರಿಗೆ ತೆಳು ಚಹಾದ ಬಣ್ಣ ಬರುವಷ್ಟು ಅಯೋಡಿನ್ ಬಿಟ್ಟು, ಜೋವಾ ಕೂತಿದ್ದ ಕಲ್ಲನ್ನು ಹತ್ತು ನಿಮಿಷ ಅದರಲ್ಲಿ ಮುಳುಗಿಸಿ ತೆಗೆದೆ. ಕಾಫಿ ಕುಡಿದು, ಹಣ ತೆಗೆದುಕೊಂಡು ಬಂದೆ.

ಒಂದು ವಾರ ಕಳೆದು ಹೋದಾಗ ಚಾಪೆಯ ಒಂದು ಮೂಲೆ ಬೋಳಾಗಿತ್ತು. ಅರುವತ್ತರ ಹತ್ತಿರ ಇದ್ದ ಬಾಯಿಗಳಲ್ಲಿ ನಲವತ್ತೂ ಉಳಿದಿರಲಿಲ್ಲ. ರೋಗ ಬಂದ ಹವಳ ಕರಗುತ್ತದೆ, ಕೊಳೆಯುತ್ತದೆ, ನಾರುತ್ತದೆ. ಇದು ಹಾಗಿರಲಿಲ್ಲ. ಬೇಲಿಯ ಸಂದಿಯಲ್ಲಿ ನುಗ್ಗಿದ ದನ ಸೊಪ್ಪಿನ ಮಡಿ ಮೇಯ್ದಂತಿತ್ತು.

ಅಂದು ದಾರಿಗೆ ಮರ ಬಿದ್ದು ಬಸ್ಸು ನಿಂತಿದ್ದರಿಂದ ಅಲ್ಲೇ ಉಳಿಯಬೇಕಾಯಿತು. ಈ ಕೆಲಸದಲ್ಲಿ ನಾನು ಕಲಿತ ದೊಡ್ಡ ಪಾಠ ಆ ಮರದ್ದು. ಟ್ಯಾಂಕಿನ ದೀಪ ಆರಿ ಎರಡು ತಾಸು ಕಳೆದ ಮೇಲೆ, ರಾತ್ರಿ ಹನ್ನೊಂದರ ಸುಮಾರಿಗೆ, ಟಾರ್ಚಿನ ಬಾಯಿಗೆ ಕೆಂಪು ಜಿಲೇಟಿನ್ ಹಾಳೆ ಕಟ್ಟಿಕೊಂಡು ಗಾಜಿನ ಮುಂದೆ ಕೂತೆವು. ಕೆಂಪು ಬೆಳಕಿಗೆ ಈ ಜೀವಿಗಳು ಅಷ್ಟಾಗಿ ಬೆದರುವುದಿಲ್ಲ. ಮೊದಲು ಏನೂ ಇರಲಿಲ್ಲ. ಆಮೇಲೆ ಒಂದು ಬಾಯಿ ನಡೆಯಿತು.

ಬಾಯಿ ನಡೆಯುವುದಿಲ್ಲ. ಅದು ಹುಳು. ಚಿಪ್ಪಿಲ್ಲದ ಕಡಲ ಬಸವನಹುಳುಗಳಲ್ಲಿ ಜೋವಾವನ್ನೇ ತಿಂದು ಬದುಕುವ ಒಂದು ಬಗೆಯಿದೆ, ನ್ಯೂಡಿಬ್ರಾಂಕ್ ಎನ್ನುತ್ತಾರೆ. ಮಳೆಗಾಲದಲ್ಲಿ ಬಚ್ಚಲ ಗೋಡೆ ಹತ್ತುವ ಸಿಂಬಳದ ಹುಳುವಿನ ದೂರದ ನೆಂಟ. ಉದ್ದ ಅಕ್ಕಿಕಾಳಿಗಿಂತ ಸ್ವಲ್ಪ ಹೆಚ್ಚು, ಬೆನ್ನ ತುಂಬ ಬೆರಳಿನಂಥ ಗೊಂಡೆಗಳು. ತಿಂದ ಜೋವಾದ ಬಣ್ಣವೇ ಅದಕ್ಕೂ ಬರುತ್ತದೆ: ಹಸಿರು ತಿಂದದ್ದು ಹಸಿರು, ಕಿತ್ತಳೆ ತಿಂದದ್ದು ಕಿತ್ತಳೆ. ಹಗಲಲ್ಲಿ ಕಣ್ಣ ಮುಂದೆ ಕೂತಿದ್ದರೂ ಮುದುಡಿದ ಬಾಯಿ ಎಂದೇ ತೋರುತ್ತದೆ. ಕೊನೆಗೂ ಭೂತಗನ್ನಡಿ ಹೊರಬಂತು. ನಾನು ಸಿಡುಬು ಎಂದು ಓದಿದ್ದ ಆ ಬಿಳಿಯ ಚುಕ್ಕೆಗೆ ಸುತ್ತುಗಳಿದ್ದವು. ಜಿಲೇಬಿಯಂತೆ ಸುರುಳಿ ಸುತ್ತಿದ ಬಿಳಿ ದಾರ, ದಾರದೊಳಗೆ ಸಾಲು ಸಾಲು ಮೊಟ್ಟೆ. ಒಂದು ವಾರದ ಹಿಂದೆ ಅವುಗಳಿಗೇ ನಾನು ಅಯೋಡಿನ್ ಸ್ನಾನ ಮಾಡಿಸಿ, ಜೋಪಾನವಾಗಿ ಅದೇ ಜಾಗದಲ್ಲಿ ಕೂರಿಸಿ ಬಂದಿದ್ದೆ.

ಹುಳು ಸಿಕ್ಕ ಸುದ್ದಿ ಅಡುಗೆಮನೆಗೂ ಹೋಯಿತು. ಬೆಳಿಗ್ಗೆ ಕಲ್ಲನ್ನು ಬೇಸಿನ್ನಿಗೆ ತೆಗೆದಿಟ್ಟುಕೊಂಡಿದ್ದೆ. ಆ ಮನೆಯ ಅಮ್ಮ ತಂಬಿಗೆ ಹಿಡಿದು ಬಂದರು. ‘ತಮ್ಮಾ, ಹಂಡೆಯಲ್ಲಿ ನೀರು ಕುದಿಯುತ್ತಿದೆ. ಒಂದು ತಂಬಿಗೆ ಸುರಿದರೆ ಹುಳುವೂ ಇಲ್ಲ, ಮೊಟ್ಟೆಯೂ ಇಲ್ಲ.’

‘ಅಮ್ಮಾ, ಬೇಡ!’ ಎಂದು ಕೂಗಿಬಿಟ್ಟೆ. ಹಿರಿಯರ ಮೇಲೆ ದನಿಯೆತ್ತಿದ್ದಕ್ಕೆ ಆಮೇಲೆ ಕ್ಷಮೆ ಕೇಳಿದೆ. ಆದರೆ ಈ ಒಂದು ಮಾತನ್ನು ನಾನು ಮೆಲ್ಲಗೆ ಹೇಳುವುದಿಲ್ಲ. ಜೋವಾಗಳಲ್ಲಿ, ಅದರಲ್ಲೂ ಪ್ಯಾಲಿಥೋವಾ ಎಂಬ ದಪ್ಪ ಬಾಯಿಯ ಬಗೆಯಲ್ಲಿ, ಪ್ಯಾಲಿಟಾಕ್ಸಿನ್ ಎಂಬ ವಿಷ ಇರಬಹುದು. ಹವಾಯಿ ದ್ವೀಪದ ಇಂಥದ್ದೇ ಜೀವಿಯಿಂದ ವಿಜ್ಞಾನಿಗಳು ಅದನ್ನು ಬೇರ್ಪಡಿಸಿದ್ದು 1971ರಲ್ಲಿ. ಪ್ರಕೃತಿಯಲ್ಲಿ ಸಿಗುವ ಅತಿ ಘೋರ ವಿಷಗಳಲ್ಲಿ ಅದೂ ಒಂದು. ಕಲ್ಲಿನ ಮೇಲಿನ ಜೋವಾ ಹೋಗಲೆಂದು ಕಲ್ಲನ್ನು ಕುದಿಸಿ, ಆ ಹಬೆ ಕುಡಿದು ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಪ್ರಸಂಗಗಳು ಹೊರದೇಶಗಳಲ್ಲಿ ದಾಖಲಾಗಿವೆ. ಬಿಸಿನೀರು ಬೇಡ, ಒಣಗಿಸಿ ಉಜ್ಜುವುದು ಬೇಡ. ಕೈಯಲ್ಲಿ ಗಾಯವಿದ್ದರೆ ಮುಟ್ಟಲೇಬಾರದು. ಹಿಸುಕಿದರೆ ಪಿಚಕಾರಿಯಂತೆ ನೀರು ಹಾರುತ್ತದೆ, ಹಾಗಾಗಿ ಕನ್ನಡಕ, ಕೈಗವಸು ಎರಡೂ ಬೇಕು. ಅಮ್ಮ ತಂಬಿಗೆಯನ್ನು ಅಲ್ಲೇ ಇಟ್ಟು ಮೊಮ್ಮಗಳನ್ನು ಎತ್ತಿಕೊಂಡು ಒಳಗೆ ಹೋದರು.

ಹುಳುವಿಗೆ ಔಷಧವಿದೆ. ಸಸ್ಯದ ಎಣ್ಣೆಗಳಿಂದ ಮಾಡಿದ ಹವಳದ ಡಿಪ್ ಸಿಗುತ್ತದೆ. ಅದನ್ನು ಟ್ಯಾಂಕಿನ ನೀರಿನಲ್ಲಿ ಕಲಸಿ, ಕಲ್ಲನ್ನು ಇಳಿಸಿ, ಸೂಜಿ ತೆಗೆದ ಸಿರಿಂಜಿನಿಂದ ಸಂದಿಸಂದಿಗೆ ನೀರು ಚಿಮ್ಮಿಸಬೇಕು. ಐದು ನಿಮಿಷದಲ್ಲಿ ಮೊದಲನೆಯದು ಉದುರಿತು, ಹತ್ತು ನಿಮಿಷದಲ್ಲಿ ಏಳು. ಆಮೇಲೆ ಬೇರೆ ಉಪ್ಪುನೀರಿನಲ್ಲಿ ಜಾಲಿಸಿ ಕಲ್ಲನ್ನು ಒಳಗಿಟ್ಟೆ. ಡಿಪ್ ಮಾಡಿದ ನೀರಿನ ಒಂದು ಹನಿಯೂ ಟ್ಯಾಂಕಿಗೆ ಬೀಳಬಾರದು. ಮೊಟ್ಟೆಗಳನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಕೆರೆದೆ. ಕಂಡಷ್ಟನ್ನು ಕೆರೆದೆ ಎನ್ನಬೇಕು. ಮೊಟ್ಟೆಯ ಸುತ್ತಲಿನ ಲೋಳೆಯನ್ನು ಈ ಡಿಪ್ ದಾಟುವುದಿಲ್ಲ.

‘ಮುಂದಿನ ಸಲ ಯಾವಾಗ ಬರುತ್ತೀರಿ?’ ಎಂದು ಯಜಮಾನರು ಕೇಳಿದರು.

‘ಬೇಕಾಗುವುದಿಲ್ಲ. ಮುಗಿಯಿತು.’

ಅವರು ಕವಳ ಉಗಿದು ಬಂದು ಕೂತರು. ‘ಮೊನ್ನೆ ಮಳೆ ಹಿಡಿಯುವ ಮೊದಲು ತೋಟಕ್ಕೆ ಮೈಲುತುತ್ತು ಹೊಡೆಸಿದ್ದೇವೆ. ನಲವತ್ತು ದಿನಕ್ಕೆ ಮತ್ತೆ ಹೊಡೆಸುತ್ತೇವೆ. ಕೊಳೆರೋಗಕ್ಕೆ ಒಂದೇ ಔಷಧ ಹೊಡೆದು ಮುಗಿಯಿತು ಎಂದವನ ಅಡಿಕೆ ಕೊನೆಯಲ್ಲಿ ಕಾಯಿ ಉಳಿದದ್ದನ್ನು ನಾನಂತೂ ನೋಡಿಲ್ಲ.’

ಸಮುದ್ರದ ವಿಷಯ ಇವರಿಗೇನು ಗೊತ್ತು ಎಂದುಕೊಂಡು ಬಸ್ಸು ಹತ್ತಿದೆ. ಹನ್ನೆರಡನೇ ದಿನ ಫೋನ್ ಬಂತು, ಮತ್ತೆ ಹುಳು. ಆಗ ಲೆಕ್ಕ ಹಾಕಿ ನೋಡಿದೆ. ಉಳಿದ ಮೊಟ್ಟೆ ಒಡೆಯಲು ಒಂದೆರಡು ವಾರ ಸಾಕು, ಒಡೆದ ಮರಿ ಬೆಳೆದು ಮತ್ತೆ ಮೊಟ್ಟೆ ಇಡುವುದರೊಳಗೆ ಮುಂದಿನ ಡಿಪ್ ಆಗಬೇಕು. ಮೊದಲ ಡಿಪ್ ಸಾಯಿಸುವುದು ದೊಡ್ಡವನ್ನು ಮಾತ್ರ. ಸಂತಾನ ಕಡಿಯುವುದು ಎರಡನೆಯದು, ಮೂರನೆಯದು. ಐದು ದಿನಕ್ಕೊಮ್ಮೆಯಂತೆ ನಾಲ್ಕು ಸಲ ಹೋದೆ. ಕೊನೆಯ ಎರಡು ಸಲ ಬೇಸಿನ್ನಿನ ತಳ ಖಾಲಿಯಿತ್ತು. ಖಾಲಿ ಬೇಸಿನ್ ತೋರಿಸಿ ಹಣ ಕೇಳುವುದಕ್ಕೆ ನನಗೆ ಸಂಕೋಚ. ಯಜಮಾನರು ಮಾತ್ರ ಎರಡು ಸಲವೂ ನಗುತ್ತಲೇ ಎಣಿಸಿಕೊಟ್ಟರು.

ಉಳಿದ ಕೀಟಗಳ ಮಾತು ಇಲ್ಲಿ ಬೇಗ ಮುಗಿಸಬಹುದು. ಕಪ್ಪು ಬಿಳಿ ಚೌಕಳಿಯ ದುಂಡು ಬಸವನಹುಳುವೊಂದು ಜೋವಾ ತಿನ್ನುತ್ತದೆ. ಅದನ್ನು ರಾತ್ರಿ ಕೈಯಲ್ಲೇ ಹೆಕ್ಕಬಹುದು. ಕೆಂಪು ಚಪ್ಪಟೆ ಹುಳುಗಳು ಸಾಯುವಾಗ ನೀರಿಗೆ ವಿಷ ಬಿಡುತ್ತವೆ, ಆದ್ದರಿಂದ ಔಷಧಕ್ಕೆ ಮೊದಲು ಪೈಪಿನಿಂದ ಎಳೆದಷ್ಟು ಎಳೆದುಬಿಡಬೇಕು. ಐಪ್ಟೇಸಿಯಾ ಎಂಬ ಕಳೆ ಹೂವನ್ನು ಕತ್ತರಿಸಿದರೆ ತುಂಡೊಂದಕ್ಕೆ ಒಂದು ಗಿಡ ಏಳುತ್ತದೆ. ಅದಕ್ಕೆ ಸುಣ್ಣವೇ ಮದ್ದು, ಗಟ್ಟಿಯಾಗಿ ಕಲಸಿ ಸಿರಿಂಜಿನಲ್ಲಿ ಬಾಯಿಗೇ ಇಡಬೇಕು. ಇಂಬಳಕ್ಕೆ ಸುಣ್ಣ ಮುಟ್ಟಿಸುವ ಊರಿನವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಕವಳದ ಡಬ್ಬಿಯ ಸುಣ್ಣ ಮಾತ್ರ ಬೇಡ, ಶುದ್ಧ ಪುಡಿ ತನ್ನಿ. ಗಟ್ಟಿ ಹವಳ ತಂದುಕೊಡಿ ಎನ್ನುವವರಿಗೆ ನನ್ನದು ಒಂದೇ ಉತ್ತರ: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಶಿಷ್ಟದಲ್ಲಿ ಅದು ಹುಲಿಯ ಜತೆ ಕೂತಿದೆ.

ರೋಗವೇ ಅಲ್ಲದ ರೋಗವೂ ಉಂಟು. ಶಿವಮೊಗ್ಗದ ಒಂದು ಕ್ಲಿನಿಕ್ಕಿನಲ್ಲಿ ಅಣಬೆಯಾಕಾರದ ಲೆದರ್ ಹವಳ ಇದೆ. ಒಮ್ಮೆ ಅದರ ಕೂದಲೆಲ್ಲ ಒಳಗೆ ಹೋಗಿ, ಮೈ ಬೂದು ಬಣ್ಣಕ್ಕೆ ತಿರುಗಿ, ಮೇಣ ಬಳಿದಂತೆ ಹೊಳೆಯತೊಡಗಿತು. ಡಾಕ್ಟರು ‘ಕೊಳೆತ ಭಾಗ ಕತ್ತರಿಸಿಬಿಡಿ’ ಎಂದರು. ಅವರ ವೃತ್ತಿಯೇ ಅದು. ನಾನೂ ಬ್ಲೇಡು ತೆಗೆದಿದ್ದೆ. ಮೂಸಿ ನೋಡಿದೆ, ನಾತವಿಲ್ಲ. ಒತ್ತಿ ನೋಡಿದೆ, ಗಟ್ಟಿಯಿದೆ. ಈ ಹವಳ ಆಗಾಗ ಪೊರೆ ಬಿಡುತ್ತದೆ. ಮೈಮೇಲೆ ಕೂತ ಪಾಚಿ, ಕೊಳೆಯನ್ನು ಹಾವಿನಂತೆ ಕಳಚಿ ಹಾಕುತ್ತದೆ. ಪಂಪಿನ ಮುಖವನ್ನು ಅದರ ಕಡೆ ತುಸು ತಿರುಗಿಸಿ ಬಂದೆ. ಒಂಬತ್ತನೇ ದಿನ ಪೊರೆ ತೇಲಿಹೋಗಿ ಕೂದಲು ಬಿಟ್ಟಿತು. ನಿಜವಾಗಿ ಕೊಳೆತರೆ ಕಂದು ಲೋಳೆ ಇಳಿಯುತ್ತದೆ, ಹತ್ತಿರ ಹೋಗಲಾರದಷ್ಟು ನಾರುತ್ತದೆ. ಆಗ ಮಾತ್ರ ಆರೋಗ್ಯವಾದ ಮಾಂಸ ಕಾಣುವವರೆಗೆ ಕತ್ತರಿಸಬೇಕು.

ಜುಲೈ ಕೊನೆಯಲ್ಲಿ ತೋಟದ ಮನೆಯಿಂದ ಮತ್ತೆ ಫೋನ್. ಸಿಗಡಿಗಳು ಸತ್ತಿವೆ, ಗಾಜಿಗೆ ಅಂಟಿದ್ದ ಬಸವನಹುಳುಗಳು ಕಳಚಿ ಬಿದ್ದಿವೆ, ಹವಳವೆಲ್ಲ ಮುದುಡಿದೆ. ಮೀನು ಮಾತ್ರ ಆರಾಮ. ಈ ಸಲ ಜಾಣನಾಗಿ ಟಾರ್ಚು, ಕೆಂಪು ಹಾಳೆ, ಭೂತಗನ್ನಡಿ ಎಲ್ಲ ಹೊತ್ತುಕೊಂಡು ಹೋಗಿ ಎರಡು ರಾತ್ರಿ ಗಾಜಿನ ಮುಂದೆ ಕೂತೆ. ಒಂದು ಹುಳುವೂ ಇಲ್ಲ. ರಾತ್ರಿ ನೋಡುವುದನ್ನು ಕಲಿತವನು ಹಗಲಲ್ಲಿ ನೋಡುವುದನ್ನು ಬಿಟ್ಟಿದ್ದೆ. ಮೂರನೇ ಬೆಳಿಗ್ಗೆ ಮುಖ ತೊಳೆಯಲು ಬಚ್ಚಲಿಗೆ ಹೋದಾಗ ಬಾಗಿಲ ಪಕ್ಕ ಒಂದು ಪ್ಲಾಸ್ಟಿಕ್ ಬಕೆಟ್ಟು ಕಂಡಿತು. ಒಳಗೆ ಅರ್ಧದ ಮೇಲೆ ತಿಳಿನೀಲಿಯ ಒಂದು ಉಂಗುರ.

ವಾರದ ಹಿಂದೆ ತೋಟಕ್ಕೆ ಎರಡನೇ ಔಷಧವಾಗಿತ್ತು. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಮೈಲುತುತ್ತು ಕರಗಿಸಿದ ಬಕೆಟ್ಟು ಇದೇ. ತೊಳೆದಿಟ್ಟಿದ್ದರು. ಟ್ಯಾಂಕಿನಲ್ಲಿ ಆವಿಯಾದ ನೀರು ತುಂಬಲು ಕೆಲಸದ ಹುಡುಗ ಅದರಲ್ಲೇ ಫಿಲ್ಟರ್ ನೀರು ಹಿಡಿದು ಸುರಿದಿದ್ದ. ಗಂಗಾ ಸ್ನಾನ ತುಂಗಾ ಪಾನ ಎನ್ನುವ ಸೀಮೆಯಲ್ಲಿ ಕೂತು ಆರ್‌ಒ ನೀರೇ ಬೇಕೆಂದು ಹಟ ಹಿಡಿದಿದ್ದ ನಾನು, ಯಾವ ಪಾತ್ರೆಯಲ್ಲಿ ಎಂದು ಮಾತ್ರ ಹೇಳಿರಲಿಲ್ಲ. ಮೈಲುತುತ್ತು ಎಂದರೆ ತಾಮ್ರ. ಮೀನಿನ ಕಾಯಿಲೆಗೆ ತಾಮ್ರವನ್ನೇ ಔಷಧವಾಗಿ ಕೊಡುವುದುಂಟು, ಆದರೆ ಸಿಗಡಿ, ಬಸವನಹುಳು, ಹವಳಗಳಿಗೆ ಅದು ಅತಿ ಕಡಿಮೆ ಪ್ರಮಾಣದಲ್ಲೂ ಪ್ರಾಣಾಂತಿಕ.

ಯಜಮಾನರು ಕತ್ತಿ ತಂದರು. ಮೈಲುತುತ್ತು, ಸುಣ್ಣ ಕಲಸಿದ ಬೋರ್ಡೋ ದ್ರಾವಣದಲ್ಲಿ ಹರಿತದ ಕಬ್ಬಿಣ ಅದ್ದಿ ತೆಗೆದರೆ, ಸುಣ್ಣ ಸಾಲದಿದ್ದಲ್ಲಿ ಅಲಗಿನ ಮೇಲೆ ಕೆಂಪು ಕೂರುತ್ತದೆ. ಅವರು ಪ್ರತಿವರ್ಷ ಮಾಡುವ ಪರೀಕ್ಷೆ. ಟ್ಯಾಂಕಿಗೆ ಅದ್ದಿದರು, ಅಲಗು ಬೆಳ್ಳಗೇ ಬಂತು. ‘ಇಲ್ಲವಲ್ಲ?’ ಎಂದರು. ಹವಳವನ್ನು ಕೊಲ್ಲುವಷ್ಟು ತಾಮ್ರ ಕತ್ತಿಗೆ ಕಾಣುವುದಿಲ್ಲ. ನನ್ನ ಕಿಟ್ಟಿನ ಕೊಳವೆಯಲ್ಲಿ ಬಣ್ಣ ತಿರುಗಿತು.

ಜೀವವಿದ್ದ ಹವಳಗಳನ್ನು ಆ ದಿನವೇ ಬೇರೆ ನೀರಿಗೆ ಸಾಗಿಸಿದೆವು. ಟ್ಯಾಂಕಿನ ನೀರನ್ನು ಹತ್ತು ದಿನದಲ್ಲಿ ನಾಲ್ಕು ಸಲ ಬದಲಾಯಿಸಿ, ಇದ್ದಿಲನ್ನೂ ತಾಮ್ರ ಹೀರುವ ರಾಳವನ್ನೂ ಫಿಲ್ಟರಿಗೆ ತುಂಬಿದೆವು. ಆ ಟ್ಯಾಂಕಿನಲ್ಲೂ ಇದ್ದ ಲೆದರ್ ಹವಳ ಅರ್ಧ ಉಳಿಯಿತು. ಜೋವಾಗಳಲ್ಲಿ ಹನ್ನೊಂದು. ಈಗ ಯಾರ ಮನೆಗೆ ಹೊಸ ಹವಳ ಬಂದರೂ ಮೊದಲು ನನ್ನ ಹಿತ್ತಿಲ ಕೋಣೆಯ ಸಣ್ಣ ಟ್ಯಾಂಕಿನಲ್ಲಿ ಆರು ವಾರ ಇರಬೇಕು, ಅಲ್ಲೇ ಅದರ ಡಿಪ್‌ಗಳೆಲ್ಲ ಮುಗಿಯಬೇಕು. ಆ ಹನ್ನೊಂದೂ ಸದ್ಯ ಅಲ್ಲೇ ಇವೆ, ಹದಿನೇಳಾಗಿವೆ.

ಬಕೆಟ್ಟಿನ ಪ್ರಕರಣಕ್ಕೆ ನಾನು ಹಣ ತೆಗೆದುಕೊಳ್ಳಲಿಲ್ಲ. ಹೊರಡುವಾಗ ಅಮ್ಮ ಅಪ್ಪೆಮಿಡಿಯ ಜಾಡಿಯೊಂದನ್ನು ಕೈಗಿತ್ತರು. ‘ಹೋದ ವರ್ಷ ಹಾಕಿದ್ದು. ಉಪ್ಪುನೀರಿಗೆ ಹಾಕಿದ್ದು ಕೆಡದ ಹಾಗೆ ಇಡುವುದು ಹೇಗೆಂದು ಒಂದು ದಿನ ಪುರುಸೊತ್ತು ಮಾಡಿಕೊಂಡು ಬಾ ತಮ್ಮಾ, ಹೇಳಿಕೊಡುತ್ತೇನೆ.’