ಅಟ್ರೋಪಿನ್ ಗಡಿಯ ಯಾವ ಬದಿಯಲ್ಲಿದೆ?

2020ರ ಮಾರ್ಚ್ ಕೊನೆಯಲ್ಲಿ ತಲಪಾಡಿಯಲ್ಲಿ ಕೇರಳ-ಕರ್ನಾಟಕ ಗಡಿ ಮುಚ್ಚಿದಾಗ, ಎಷ್ಟೋ ವರ್ಷಗಳಿಂದ ಮಂಗಳೂರಿನ ಆಸ್ಪತ್ರೆಗಳನ್ನೇ ನೆಚ್ಚಿಕೊಂಡಿದ್ದ ಕಾಸರಗೋಡಿನ ನಮಗೆ, ಔಷಧ ಇರುವುದು ಬೇರೆ, ಅದು ಕೈಗೆಟಕುವುದು ಬೇರೆ ಎಂಬುದು ಮನದಟ್ಟಾಯಿತು. ಜೈವಿಕ ಮತ್ತು ರಾಸಾಯನಿಕ ದಾಳಿಗಳಿಗಾಗಿ ದೇಶಗಳು ಮಾಡಿಡುವ ಔಷಧ ದಾಸ್ತಾನಿನ ಬಗ್ಗೆ ಓದುವಾಗಲೆಲ್ಲ ನನಗೆ ಆ ದಿನಗಳೇ ನೆನಪಾಗುತ್ತವೆ.

ಅಮೆರಿಕ 1999ರಲ್ಲಿ ಇಂಥ ರಾಷ್ಟ್ರೀಯ ದಾಸ್ತಾನನ್ನು ಆರಂಭಿಸಿ, ಎಲ್ಲಿಗೇ ಆಗಲಿ 12 ಗಂಟೆಯೊಳಗೆ ಔಷಧ ತಲುಪಿಸುವ ಏರ್ಪಾಡು ಮಾಡಿಕೊಂಡಿತು. ಆಂಥ್ರಾಕ್ಸಿನ ರೋಗಾಣು ಉಸಿರಿಗೆ ಸೇರಿದವರಿಗೆ 60 ದಿನ ಡಾಕ್ಸಿಸೈಕ್ಲಿನ್ ಇಲ್ಲವೇ ಸಿಪ್ರೊಫ್ಲಾಕ್ಸಸಿನ್ ಕೊಡುವ ಕ್ರಮವಿದೆ; ರೋಗ ತಲೆದೋರಲು ಸಾಮಾನ್ಯವಾಗಿ ದಿನಗಳೇ ಹಿಡಿಯುವುದರಿಂದ ಅಲ್ಲಿ ಅರ್ಧ ದಿನದ ಅವಕಾಶ ಸಾಕಾದೀತು. ಸಾರಿನ್‌ನಂಥ ನರವಿಷವಾದರೋ ನಿಮಿಷಗಳಲ್ಲೇ ಉಸಿರು ಕಟ್ಟಿಸುತ್ತದೆ. ಆದ್ದರಿಂದಲೇ ಅದರ ಪ್ರತಿವಿಷಗಳಾದ ಅಟ್ರೋಪಿನ್, ಪ್ರಾಲಿಡಾಕ್ಸಿಮ್‌ಗಳನ್ನು ಅವರು ಮೊದಲೇ ಊರೂರಿನ ಆಸ್ಪತ್ರೆಗಳಲ್ಲಿ ಇರಿಸಿದರು.

ಈ ಎರಡೂ ನಮಗೆ ಅಪರಿಚಿತವಲ್ಲ. ಕ್ಲೋರ್‌ಪೈರಿಫಾಸ್‌ನಂಥ ಕೀಟನಾಶಕವೂ ಸಾರಿನ್ನೂ ಒಂದೇ ಕುಲಕ್ಕೆ ಸೇರಿದವು; ತೋಟಕ್ಕೆ ಮದ್ದು ಬಿಡುವಾಗ ವಿಷ ತಾಗಿದವರಿಗೆ ಕೊಡುವುದೂ ಇದೇ ಅಟ್ರೋಪಿನ್. 1995ರ ಮಾರ್ಚ್ 20ರಂದು ಟೋಕಿಯೊದ ಸುರಂಗ ರೈಲುಗಳಲ್ಲಿ ಸಾರಿನ್ ಹರಡಿದಾಗ, ಕೀಟನಾಶಕದ ರೋಗಿಗಳಿಗೆಂದು ಇಟ್ಟಿದ್ದ ಪ್ರತಿವಿಷವೇ ಮೊದಲು ನೆರವಾಯಿತು. ಸಾಲದೆ ಬಂದದ್ದನ್ನು ಬೇರೆ ಊರುಗಳಿಂದ ಬುಲೆಟ್ ರೈಲಿನಲ್ಲಿ ತರಿಸಬೇಕಾಯಿತು. (ಇಲ್ಲಿನ ಗೇರು ತೋಟಗಳ ಮೇಲೆ ಎರಡು ದಶಕಗಳ ಕಾಲ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನಿನ ಕುಲ ಬೇರೆ. ಅದಕ್ಕೆ ನಿರ್ದಿಷ್ಟ ಪ್ರತಿವಿಷವೇ ಇಲ್ಲ. ಯಾವ ದಾಸ್ತಾನೂ ಅಲ್ಲಿ ಉಪಯೋಗಕ್ಕೆ ಬಾರದು.)

ಎಂದೋ ಬರಬಹುದಾದ ದಾಳಿಗೆಂದು ಬೀಗ ಹಾಕಿಟ್ಟ ಔಷಧ ಅವಧಿ ಮೀರಿ ಕಸವಾಗುತ್ತದೆ. ದಿನನಿತ್ಯದ ರೋಗಿಗಳಿಗೆ ಹಳೆಯದನ್ನು ಕೊಟ್ಟು ಹೊಸದನ್ನು ತುಂಬಿಸುತ್ತಾ ಹೋದರೆ ಆ ನಷ್ಟವಿಲ್ಲ; ಮಳೆಗಾಲದ ಇಲಿಜ್ವರಕ್ಕೆ ಕೊಡುವ ಡಾಕ್ಸಿಸೈಕ್ಲಿನ್‌ಗೂ ಈ ಮಾತು ಸಲ್ಲುತ್ತದೆ. ಹಾಗೆಂದು ಅದನ್ನು ಮನೆಯ ಕಪಾಟಿನಲ್ಲಿ ಕೂಡಿಡುವುದನ್ನು ನಾನು ಒಪ್ಪುವುದಿಲ್ಲ. ದಾಸ್ತಾನು ಆಸ್ಪತ್ರೆಯ ಕೆಲಸ.

ಕಳೆದ ವರ್ಷ ಪೆರ್ಲದಿಂದ ಹೆಚ್ಚು ದೂರವಿಲ್ಲದ ಆಸ್ಪತ್ರೆಯೊಂದರಲ್ಲಿ ವಿಚಾರಿಸಿದಾಗ, 0.6 ಮಿಲಿಗ್ರಾಂನ 20 ಅಟ್ರೋಪಿನ್ ಆಂಪ್ಯೂಲುಗಳಿವೆ ಎಂದರು. ತೀವ್ರವಾಗಿ ವಿಷವೇರಿದವರಿಗೆ ಮೊದಲು 3 ಆಂಪ್ಯೂಲು ಕೊಟ್ಟು, ಶ್ವಾಸಕೋಶದ ದ್ರವ ಒಣಗುವ ತನಕ ಐದೈದು ನಿಮಿಷಕ್ಕೆ ಪ್ರಮಾಣವನ್ನು ಇಮ್ಮಡಿಗೊಳಿಸುತ್ತಾರೆ: 3, ಆಮೇಲೆ 6, ಆಮೇಲೆ 12. ಅಲ್ಲಿಗೆ 21. ಒಬ್ಬನೇ ರೋಗಿಗೆ, ಹತ್ತನೆಯ ನಿಮಿಷಕ್ಕೇ, ಒಂದು ಆಂಪ್ಯೂಲು ಕಡಿಮೆಯಾಗುತ್ತದೆ. ಮಂಗಳೂರಿಗೆ ಒಂದು ಗಂಟೆಗೂ ಮೀರಿದ ದಾರಿ.