ನಿರ್ದೇಶಕ ಕುರೊಸಾವಾ ಸಿನಿಮಾ ಆಯ್ತು, ಮುಂದೆ ಯಾವುದು ನೋಡಲಿ?

ಜಪಾನಿನ ಹಳೆ ಸಿನಿಮಾಗಳ ಬಗ್ಗೆ ಜಾಸ್ತಿ ಮಾತಾಡ್ತೀನಿ ಅಂತಲೋ ಏನೋ, ಈ ಪ್ರಶ್ನೆ ಆಗಾಗ ಬರುತ್ತದೆ. ನನ್ನ ಉತ್ತರ ಯಾವಾಗಲೂ ಒಂದೇ. 'ಕ್ರೂಯಲ್ ಗನ್ ಸ್ಟೋರಿ' ನೋಡಿ. 1964ರ ಕಪ್ಪು ಬಿಳುಪು ಸಿನಿಮಾ, ಜಪಾನಿನ ನಿಕ್ಕಾತ್ಸು ಸ್ಟುಡಿಯೋದ್ದು. ನಿರ್ದೇಶಕ ತಕುಮಿ ಫುರುಕಾವಾ. ಒಂದೂವರೆ ಗಂಟೆಯಲ್ಲಿ ಮುಗಿಯುತ್ತದೆ.

ಕಥಾನಾಯಕ ತೊಗಾವಾ ಆಗಷ್ಟೇ ಜೈಲಿನಿಂದ ಹೊರಗೆ ಬಂದಿದ್ದಾನೆ. ಲಾರಿ ಡಿಕ್ಕಿ ಹೊಡೆದು ತಂಗಿ ಗಾಲಿಕುರ್ಚಿ ಹಿಡಿದಳು, ಆ ಡ್ರೈವರನ್ನು ಕೊಂದು ಇವನು ಒಳಗೆ ಹೋಗಿದ್ದ. ಈಗ ಅವಳ ಚಿಕಿತ್ಸೆಗೆ ದುಡ್ಡು ಬೇಕು. ಡರ್ಬಿ ಕುದುರೆ ರೇಸಿನ 12 ಕೋಟಿ ಯೆನ್ ಸಾಗಿಸುವ ವ್ಯಾನನ್ನು ದೋಚುವ ಕೆಲಸ ಸಿಗುತ್ತದೆ, ಒಪ್ಪಿಕೊಳ್ಳುತ್ತಾನೆ.

ರೇಸಿನ ದುಡ್ಡು ಅಂದ ಕೂಡಲೇ ಅಮೆರಿಕದ ನಿರ್ದೇಶಕ ಕ್ಯೂಬ್ರಿಕ್‌ನ 1956ರ 'ದಿ ಕಿಲ್ಲಿಂಗ್' ನೆನಪಾಗುತ್ತದೆ, ಅದೂ ರೇಸಿನ ದುಡ್ಡು ದೋಚುವ ಕಥೆ, ನಿಜ. ಆದರೆ ಇಲ್ಲಿ ದರೋಡೆಗಿಂತ ಅದರ ನಂತರದ್ದೇ ಕಥೆ. ಪ್ಲಾನ್ ಚೆನ್ನಾಗೇ ಇದೆ, ಜನ ಸರಿ ಇಲ್ಲ. ದುಡ್ಡು ಕೈಗೆ ಬಂದ ಮೇಲೆ ಯಾರು ಯಾರ ಬೆನ್ನಿಗೆ ಗುಂಡು ಹಾರಿಸುತ್ತಾರೋ ಅನ್ನೋ ಭಯ ಹತ್ತಿಕೊಳ್ಳುತ್ತದಲ್ಲ, ಅದು ಕೊನೆವರೆಗೂ ಬಿಡುವುದಿಲ್ಲ. ಯಾರ ಮೇಲೂ ಕರುಣೆ ತೋರಿಸದ ಸಿನಿಮಾ ಇದು, ನನಗೆ ಇಷ್ಟವಾಗಿದ್ದೂ ಅದಕ್ಕೇ.

ಅವರು ಅಡಗಿಕೊಳ್ಳುವ ಜಾಗವನ್ನು ಗಮನಿಸಿ. ಅಮೆರಿಕನ್ ಸೈನಿಕರು ಬಿಟ್ಟುಹೋದ, ಪಾಳುಬಿದ್ದ ಬೀದಿ. ಅದೇ ವರ್ಷ ಟೋಕಿಯೋದಲ್ಲಿ ಒಲಿಂಪಿಕ್ಸ್ ನಡೀತು, ಬುಲೆಟ್ ಟ್ರೈನ್ ಓಡಲು ಶುರುವಾಯಿತು, ಇಡೀ ದೇಶ ಹೊಸ ಬಟ್ಟೆ ಹಾಕಿಕೊಂಡು ಜಗತ್ತಿನ ಮುಂದೆ ನಿಂತಿತ್ತು. ಆ ಸಡಗರದ ಒಂದು ತುಣುಕೂ ಈ ಬೀದಿಗೆ ಬಂದಿಲ್ಲ.

ಇನ್ನು ಜೋ ಶಿಶಿದೊ. ತೊಗಾವಾ ಪಾತ್ರ ಇವನದೇ. ನಯವಾದ ಹೀರೋ ಮುಖ ಬೇಡ ಅಂತ 1957ರಲ್ಲಿ ಆಪರೇಷನ್ ಮಾಡಿಸಿಕೊಂಡು ಕೆನ್ನೆ ಉಬ್ಬಿಸಿಕೊಂಡ ನಟ. ಮೊದಲು ಆ ಕೆನ್ನೆ ವಿಚಿತ್ರ ಅನ್ನಿಸುತ್ತದೆ. ಆಮೇಲೆ ಗೊತ್ತಾಗುತ್ತದೆ, ಆ ಭಾರದ ಮುಖದಲ್ಲಿ ಕಣ್ಣು ಮಾತ್ರ ಕೆಲಸ ಮಾಡುತ್ತಿದೆ ಅಂತ. ತಂಗಿಯ ಎದುರು ಕೂತಾಗ ಅವನ ಕಣ್ಣು ನೋಡಿ, ದರೋಡೆ ಪ್ಲಾನ್ ಮಾಡುವಾಗಲೂ ನೋಡಿ. ಒಬ್ಬನೇ ಮನುಷ್ಯನಾ ಅನ್ನಿಸುತ್ತದೆ.

ಇಷ್ಟಾದರೂ ಇದನ್ನು ಯಾಕೆ ಯಾರೂ ಹೇಳಲ್ಲ ಅಂದ್ರೆ, ಶಿಶಿದೊ ಅಂದ ತಕ್ಷಣ ಎಲ್ಲರೂ ಸೈಜುನ್ ಸುಜುಕಿ ನಿರ್ದೇಶಿಸಿದ 1967ರ 'ಬ್ರಾಂಡೆಡ್ ಟು ಕಿಲ್' ಹಿಂದೆ ಹೋಗುತ್ತಾರೆ. ಅದೂ ಒಳ್ಳೆಯದೇ, ಬೇಡ ಅನ್ನಲ್ಲ. ಆದರೆ ಮೊದಲು ಇದನ್ನು ನೋಡಿ. ಹಳೆ ಸಿನಿಮಾಗಳ ಡಿವಿಡಿ ತರುವ ಅಮೆರಿಕದ ಕ್ರೈಟೀರಿಯನ್ ಕಂಪನಿಯವರು 2009ರಲ್ಲಿ ತಂದ 'ನಿಕ್ಕಾತ್ಸು ನಾಯರ್' ಡಿವಿಡಿ ಪೆಟ್ಟಿಗೆಯಲ್ಲಿ ಇಂಗ್ಲಿಷ್ ಸಬ್‌ಟೈಟಲ್ ಜೊತೆಗೇ ಇದೆ, ಪಕ್ಕದಲ್ಲಿ ಇನ್ನೂ ನಾಲ್ಕು ಸಿನಿಮಾ.